ಬೇಡ ಅಂದವರ ಮಾತಿಗೆ ಯುರೋಪಿನಲ್ಲಿ ಏನಾಯಿತು?

ಇಟಲಿ ಸರ್ಕಾರ 1962ರ ಡಿಸೆಂಬರ್‌ನಲ್ಲಿ ದೇಶದ ಖಾಸಗಿ ಕರೆಂಟ್ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿ ಎನೆಲ್ ಅನ್ನುವ ಒಂದೇ ಸಂಸ್ಥೆಯ ಕೈಗೆ ಕೊಟ್ಟಿತು. ಮಿಲಾನ್‌ನ ವಕೀಲ ಫ್ಲಾಮಿನಿಯೊ ಕೋಸ್ತಾ ಇದನ್ನು ಒಪ್ಪಲಿಲ್ಲ. ಹಾಗೆ ಸರ್ಕಾರದ ಪಾಲಾದ ಕಂಪನಿಯೊಂದರಲ್ಲಿ ಅವರ ಷೇರು ಇತ್ತು. ಹೊಸ ಸಂಸ್ಥೆ ಕಳಿಸಿದ 1,925 ಲೀರಾ ಬಿಲ್ಲನ್ನು ಕಟ್ಟುವುದಿಲ್ಲ ಅಂತ ಪಟ್ಟು ಹಿಡಿದು ಕೋರ್ಟಿಗೆ ಹೋದರು. ಮೊತ್ತ ತೀರಾ ಸಣ್ಣದು. ಆದರೆ ಅವರ ವಾದ ದೊಡ್ಡದಿತ್ತು: ಒಂದೇ ಮಾರುಕಟ್ಟೆ ಕಟ್ಟಲು 1957ರಲ್ಲಿ ಯುರೋಪಿನ ಆರು ದೇಶಗಳು ರೋಮ್‌ನಲ್ಲಿ ಸಹಿ ಹಾಕಿದ ಒಪ್ಪಂದಕ್ಕೆ ಈ ರಾಷ್ಟ್ರೀಕರಣದ ಕಾನೂನು ವಿರುದ್ಧವಾಗಿದೆ ಅಂತ.

ಇಟಲಿಯ ಸಾಂವಿಧಾನಿಕ ನ್ಯಾಯಾಲಯ 1964ರ ಮಾರ್ಚ್‌ನಲ್ಲಿ ಕೊಟ್ಟ ಉತ್ತರ ಯಾರಿಗಾದರೂ ಅರ್ಥವಾಗುವಂಥದ್ದು. ರೋಮ್ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿದ್ದು ಸಂಸತ್ತಿನ ಒಂದು ಸಾಮಾನ್ಯ ಕಾನೂನು. ರಾಷ್ಟ್ರೀಕರಣ ಅದೇ ಸಂಸತ್ತು ಆಮೇಲೆ ಮಾಡಿದ ಕಾನೂನು. ಎರಡಕ್ಕೂ ಜಗಳ ಬಂದರೆ ಆಮೇಲೆ ಮಾಡಿದ್ದೇ ನಡೆಯುತ್ತದೆ.

ನಾಲ್ಕು ತಿಂಗಳ ನಂತರ, ಜುಲೈ 15ರಂದು, ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ನ್ಯಾಯಾಲಯ ಇದಕ್ಕೆ ತದ್ವಿರುದ್ಧವಾಗಿ ಹೇಳಿತು. ಈ ಆರು ದೇಶಗಳು ಸೇರಿ ತಮ್ಮದೇ ಸಂಸ್ಥೆಗಳಿರುವ, ಅವಧಿಯ ಮಿತಿ ಇಲ್ಲದ ಒಂದು ಸಮುದಾಯ ಕಟ್ಟಿಕೊಂಡಿವೆ. ಹಾಗೆ ಕಟ್ಟುವಾಗಲೇ ಕೆಲವು ವಿಷಯಗಳಲ್ಲಿ ತಮ್ಮ ಸಾರ್ವಭೌಮ ಹಕ್ಕನ್ನು ಕಡಿಮೆ ಮಾಡಿಕೊಂಡಿವೆ. ಆದ್ದರಿಂದ ಯಾವುದೇ ದೇಶ ಆಮೇಲೆ ತನ್ನಷ್ಟಕ್ಕೆ ತಾನು ಮಾಡಿದ ಕಾನೂನು ಸಮುದಾಯದ ಕಾನೂನನ್ನು ಮೀರುವಂತಿಲ್ಲ. ಇವತ್ತು 27 ದೇಶಗಳ ಐರೋಪ್ಯ ಒಕ್ಕೂಟ ನಿಂತಿರುವುದು ಈ ಮಾತಿನ ಮೇಲೆ.

ಗಮನಿಸಬೇಕಾದ ಸಂಗತಿ ಏನೆಂದರೆ, ಈ ಮಾತು ರೋಮ್ ಒಪ್ಪಂದದಲ್ಲಿ ಎಲ್ಲೂ ಬರೆದಿರಲಿಲ್ಲ. ಆರು ಸಂಸತ್ತುಗಳು ಒಪ್ಪಿಗೆ ಕೊಟ್ಟಿದ್ದು ಬರೆದಿದ್ದಕ್ಕೆ. ನ್ಯಾಯಾಧೀಶರು ಅದರಿಂದ ಹೊರತೆಗೆದಿದ್ದು ಬರೆಯದೇ ಇದ್ದದ್ದನ್ನು.

ನ್ಯಾಯಾಲಯ ತಪ್ಪು ಮಾಡಿತು ಅಂತ ನಾನು ಹೇಳುತ್ತಿಲ್ಲ. ಎಲ್ಲರಿಗೂ ಒಂದೇ ಮಾರುಕಟ್ಟೆ, ಒಂದೇ ನಿಯಮ ಅಂತ ಒಪ್ಪಿಕೊಂಡ ಮೇಲೆ ಪ್ರತಿ ದೇಶವೂ ತನಗೆ ಕಷ್ಟ ಬಂದಾಗಲೆಲ್ಲ ಒಂದು ಹೊಸ ಕಾನೂನು ಮಾಡಿ ನುಣುಚಿಕೊಳ್ಳುವ ಹಾಗಿದ್ದರೆ ಆ ಮಾರುಕಟ್ಟೆ ಒಂದು ವರ್ಷವೂ ಉಳಿಯುತ್ತಿರಲಿಲ್ಲ. ತರ್ಕ ಗಟ್ಟಿಯಾಗಿಯೇ ಇದೆ. ನನ್ನ ತಕರಾರು ಬೇರೆ ಕಡೆ ಇದೆ. ಇಷ್ಟು ದೊಡ್ಡ ಬದಲಾವಣೆಗೆ ಜನರ ಒಪ್ಪಿಗೆಯನ್ನು ಯಾವಾಗ ಕೇಳಿದರು? ಕೇಳಿದಾಗ ಅವರು ಬೇಡ ಅಂದರೆ ಏನು ಮಾಡಿದರು?

ಸಾರ್ವಭೌಮತ್ವ ಅಂದರೆ ಸರಳವಾಗಿ ಕೊನೆಯ ಮಾತು ಯಾರದು ಅನ್ನುವ ಪ್ರಶ್ನೆ. ಒಂದು ದೇಶ ತನ್ನ ಕೊನೆಯ ಮಾತಿನಲ್ಲಿ ಒಂದು ಪಾಲನ್ನು ಇತರರ ಜೊತೆ ಹಂಚಿಕೊಳ್ಳಬಹುದು, ಅದರಲ್ಲಿ ಅವಮಾನವೇನಿಲ್ಲ. ಎರಡು ಮಹಾಯುದ್ಧಗಳಲ್ಲಿ ಬೂದಿಯಾಗಿದ್ದ ಯುರೋಪಿಗೆ ಅದು ಬೇಕೂ ಆಗಿತ್ತು. ಫ್ರಾನ್ಸ್‌ನ ವಿದೇಶಾಂಗ ಮಂತ್ರಿ ರಾಬರ್ಟ್ ಶುಮನ್ 1950ರ ಮೇ 9ರಂದು ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಒಂದೇ ಮೇಲಾಡಳಿತದ ಕೆಳಗೆ ತರೋಣ ಅಂದಾಗ ಲೆಕ್ಕ ಸ್ಪಷ್ಟವಾಗಿತ್ತು. ಫಿರಂಗಿ ಮಾಡುವ ಸಾಮಾನು ಫ್ರಾನ್ಸ್, ಜರ್ಮನಿ ಇಬ್ಬರ ಕೈಯಲ್ಲೂ ಜಂಟಿಯಾಗಿ ಇದ್ದರೆ ಒಬ್ಬರು ಇನ್ನೊಬ್ಬರ ಮೇಲೆ ಯುದ್ಧಕ್ಕೆ ಹೋಗುವುದು ಕಷ್ಟ. 1951ರಲ್ಲಿ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್, ಮುಂದೆ ರೋಮ್‌ನಲ್ಲೂ ಸಹಿ ಹಾಕಿದ ಇದೇ ಆರು ದೇಶಗಳು, ಅದಕ್ಕೆ ಸಹಿ ಹಾಕಿದವು. ಆಗ ಯಾರೂ ಜನಮತಗಣನೆ ಮಾಡಲಿಲ್ಲ, ಸಂಸತ್ತುಗಳೇ ಒಪ್ಪಿದವು. ಕಲ್ಲಿದ್ದಲಿನ ವಿಷಯಕ್ಕೆ ಅಷ್ಟು ಸಾಕಿತ್ತು ಅಂತಲೇ ಅನ್ನೋಣ.

ಆದರೆ ವಿಷಯ ಕಲ್ಲಿದ್ದಲಿನಲ್ಲೇ ನಿಲ್ಲಲಿಲ್ಲ ಅಲ್ವಾ. ಮುಂದೆ ಕೃಷಿ ಬಂತು, ಮೀನುಗಾರಿಕೆ ಬಂತು, ಗಡಿ ಬಂತು, ಕೊನೆಗೆ ಕಿಸೆಯಲ್ಲಿರುವ ನೋಟೂ ಬಂತು.

ಈಗ ಕಾನೂನು ಹೇಗೆ ಆಗುತ್ತದೆ ಅಂತ ಸ್ವಲ್ಪ ನೋಡಬೇಕು, ಇಲ್ಲದಿದ್ದರೆ ಒಪ್ಪಿಗೆ ಎಲ್ಲಿ ತೆಳುವಾಗುತ್ತದೆ ಅನ್ನುವುದು ಕಾಣುವುದಿಲ್ಲ. ಬ್ರಸೆಲ್ಸ್‌ನಲ್ಲಿ ಐರೋಪ್ಯ ಆಯೋಗ ಇದೆ. ಹೊಸ ಕಾನೂನಿನ ಕರಡು ಮಂಡಿಸುವ ಹಕ್ಕು ಹೆಚ್ಚೂಕಡಿಮೆ ಇದರದ್ದು ಮಾತ್ರ. ಆ ಕರಡು ಎರಡು ಕಡೆ ಪಾಸಾಗಬೇಕು. ಒಂದು, ಎಲ್ಲ ದೇಶಗಳ ಮಂತ್ರಿಗಳು ಕೂರುವ ಮಂಡಳಿ. ಇನ್ನೊಂದು, ಜನರೇ ನೇರವಾಗಿ ಆರಿಸುವ ಐರೋಪ್ಯ ಸಂಸತ್ತು. ಈ ಸಂಸತ್ತಿಗೆ ನೇರ ಚುನಾವಣೆ ಶುರುವಾಗಿದ್ದೇ 1979ರಲ್ಲಿ. ಮಂತ್ರಿಗಳ ಮಂಡಳಿಯಲ್ಲಿ ಬಹುತೇಕ ವಿಷಯಗಳಿಗೆ ಈಗ ವಿಶೇಷ ಬಹುಮತ ಸಾಕು. ಅಂದರೆ ಶೇ. 55ರಷ್ಟು ದೇಶಗಳು, ಈಗಿನ ಲೆಕ್ಕದಲ್ಲಿ 15, ಒಪ್ಪಬೇಕು. ಆ ದೇಶಗಳಲ್ಲಿ ಒಕ್ಕೂಟದ ಶೇ. 65ರಷ್ಟು ಜನ ಇರಬೇಕು. ತೆರಿಗೆ, ವಿದೇಶಾಂಗ ನೀತಿ, ಹೊಸ ಸದಸ್ಯರನ್ನು ಸೇರಿಸಿಕೊಳ್ಳುವುದು ಇಂಥವಕ್ಕೆ ಮಾತ್ರ ಇವತ್ತಿಗೂ ಎಲ್ಲರ ಒಪ್ಪಿಗೆ ಬೇಕು.

ಇದರ ಅರ್ಥ ಏನು? ನಿಮ್ಮ ದೇಶದ ಮಂತ್ರಿ ಬ್ರಸೆಲ್ಸ್‌ಗೆ ಹೋಗಿ ಬೇಡ ಅಂತ ಮತ ಹಾಕಿ ಬಂದರೂ ಆ ಕಾನೂನು ನಿಮ್ಮ ದೇಶದಲ್ಲಿ ಜಾರಿಗೆ ಬರಬಹುದು. ನೀವು ಮುಂದಿನ ಚುನಾವಣೆಯಲ್ಲಿ ಆ ಮಂತ್ರಿಯನ್ನು ಸೋಲಿಸಿದರೂ ಕಾನೂನು ಹೋಗುವುದಿಲ್ಲ. 2015ರ ಸೆಪ್ಟೆಂಬರ್ 22ರಂದು ನಡೆದಿದ್ದು ಇದೇ. ಸಿರಿಯಾ ಯುದ್ಧದಿಂದ ಓಡಿಬಂದವರು ಇಟಲಿ, ಗ್ರೀಸ್‌ನಲ್ಲಿ ತುಂಬಿಹೋಗಿದ್ದರು. 1,20,000 ಜನರನ್ನು ಬೇರೆ ದೇಶಗಳಿಗೆ ಹಂಚಬೇಕು ಅಂತ ಮಂಡಳಿ ಮತಕ್ಕೆ ಹಾಕಿತು. ಹಂಗೆರಿ, ಝೆಕ್, ಸ್ಲೊವಾಕಿಯಾ, ರೊಮೇನಿಯಾ ವಿರೋಧಿಸಿದವು. ಫಿನ್ಲೆಂಡ್ ಮತ ಹಾಕಲಿಲ್ಲ. ಆದರೂ ಪಾಸಾಯಿತು. ಹಂಗೆರಿ, ಸ್ಲೊವಾಕಿಯಾ ಕೋರ್ಟಿಗೆ ಹೋಗಿ 2017ರಲ್ಲಿ ಸೋತವು. ಕಾನೂನಿನ ಪ್ರಕಾರ ಎಲ್ಲ ಸರಿಯಾಗಿತ್ತು, ನನ್ನ ಮನಸ್ಸಿನಲ್ಲಿ ಆ ನಿರಾಶ್ರಿತರ ಪರವಾಗಿಯೇ ಒಲವಿದೆ, ಆದರೂ ಹೇಳಲೇಬೇಕು: ಆ ಹಂಚಿಕೆ ಕಾಗದದ ಮೇಲೆ ಇದ್ದಷ್ಟು ನೆಲದ ಮೇಲೆ ಆಗಲೇ ಇಲ್ಲ. ನಮ್ಮ ಊರಿಗೆ ಯಾರು ಬರಬೇಕು ಅನ್ನುವಂಥ ವಿಷಯದಲ್ಲಿ ಬಹುಮತದ ಲೆಕ್ಕವೊಂದೇ ಸಾಕಾಗುವುದಿಲ್ಲ.

ಈ ಜಗಳ ಹೊಸದೂ ಅಲ್ಲ. 1965ರ ಜುಲೈನಲ್ಲಿ ಫ್ರಾನ್ಸ್‌ನ ಅಧ್ಯಕ್ಷ ಡಿ ಗಾಲ್ ಇದೇ ಬಹುಮತದ ಪದ್ಧತಿ ಬರುತ್ತಿದೆ ಅಂತ ಸಿಟ್ಟಾಗಿ ತಮ್ಮ ಮಂತ್ರಿಗಳನ್ನು ಸಭೆಗೆ ಕಳಿಸುವುದನ್ನೇ ನಿಲ್ಲಿಸಿದ್ದರು. ಕುರ್ಚಿ ಖಾಲಿ ಬಿತ್ತು, 1966ರ ಜನವರಿವರೆಗೆ. ಕೊನೆಗೆ ಒಂದು ರಾಜಿ ಆಯಿತು. ಯಾವುದಾದರೂ ದೇಶಕ್ಕೆ ತೀರಾ ಮುಖ್ಯವಾದ ಹಿತಾಸಕ್ತಿ ಇದ್ದರೆ ಒಮ್ಮತ ಬರುವವರೆಗೆ ಮಾತಾಡುತ್ತಲೇ ಇರಬೇಕು ಅಂತ ಫ್ರಾನ್ಸ್ ಪಟ್ಟು ಹಿಡಿಯಿತು, ಉಳಿದ ಐವರು ಪೂರ್ತಿ ಒಪ್ಪದಿದ್ದರೂ ಸುಮ್ಮನಾದರು. ಮುಂದಿನ ಸುಮಾರು ಎರಡು ದಶಕ ಹಾಗೆಯೇ ನಡೆಯಿತು.

ಈಗ ಡೆನ್ಮಾರ್ಕ್‌ಗೆ ಬರೋಣ. ಈ ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ದೇಶ ಅದೇ.

ಡೆನ್ಮಾರ್ಕ್ ಸಂವಿಧಾನದ 20ನೇ ವಿಧಿ ತುಂಬಾ ಸ್ಪಷ್ಟವಾಗಿದೆ. ದೇಶದ ಅಧಿಕಾರವನ್ನು ಅಂತರರಾಷ್ಟ್ರೀಯ ಸಂಸ್ಥೆಗೆ ಬಿಟ್ಟುಕೊಡಬೇಕಾದರೆ ಸಂಸತ್ತಿನ ಆರರಲ್ಲಿ ಐದು ಭಾಗದಷ್ಟು ಸದಸ್ಯರು ಒಪ್ಪಬೇಕು. 179ರಲ್ಲಿ 150 ಮತ. ಅಷ್ಟು ಸಿಗದೆ ಬರೀ ಸಾಮಾನ್ಯ ಬಹುಮತ ಸಿಕ್ಕಿದರೆ ಜನರನ್ನೇ ಕೇಳಬೇಕು. ಒಂದೇ ನಾಣ್ಯ, ಒಕ್ಕೂಟದ ಪೌರತ್ವ, ಜಂಟಿ ವಿದೇಶಾಂಗ ನೀತಿ ಇವೆಲ್ಲ ಇದ್ದ ಮಾಸ್ಟ್ರಿಕ್ಟ್ ಒಪ್ಪಂದ ಬಂದಾಗ ಹಾಗಾಗಿಯೇ ಜನಮತಗಣನೆ ನಡೆಯಿತು. ದೊಡ್ಡ ಪಕ್ಷಗಳೆಲ್ಲ ಒಪ್ಪಿ ಅಂದಿದ್ದವು. 1992ರ ಜೂನ್ 2ರಂದು ಶೇ. 83ರಷ್ಟು ಜನ ಬಂದು ಮತ ಹಾಕಿದರು. ಶೇ. 50.7ರಷ್ಟು ಜನ ಬೇಡ ಅಂದರು. ಅಂತರ 50,000 ಮತವೂ ಇರಲಿಲ್ಲ.

ಒಪ್ಪಂದ ಜಾರಿಗೆ ಬರಲು ಆಗಿನ 12 ದೇಶಗಳೂ ಒಪ್ಪಲೇಬೇಕಿತ್ತು. ಸುಮಾರು 50 ಲಕ್ಷ ಜನರ ಪುಟ್ಟ ದೇಶವೊಂದು ಇಡೀ ಪಶ್ಚಿಮ ಯುರೋಪಿನ ಗಾಡಿಯನ್ನು ನಿಲ್ಲಿಸಿತ್ತು. ಉಳಿದವರಿಗೆ ಮೂರು ದಾರಿ ಇದ್ದವು. ಒಪ್ಪಂದ ಬಿಟ್ಟುಬಿಡುವುದು, ಡೆನ್ಮಾರ್ಕನ್ನು ಬಿಟ್ಟು ಮುಂದೆ ಹೋಗುವುದು, ಅಥವಾ ಬೇಡ ಅಂದವರು ಯಾಕೆ ಬೇಡ ಅಂದರು ಅಂತ ವಿಚಾರಿಸುವುದು.

ಮೂರನೆಯದು ನಡೆಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಡೆನ್ಮಾರ್ಕ್ ಸಂಸತ್ತಿನ ಎಂಟು ಪಕ್ಷಗಳಲ್ಲಿ ಏಳು ಕೂತು ಒಂದು ರಾಷ್ಟ್ರೀಯ ರಾಜಿಯ ಪತ್ರ ಬರೆದವು. ಬೇಡ ಅಂತ ಪ್ರಚಾರ ಮಾಡಿದ್ದ ಸೋಷಿಯಲಿಸ್ಟ್ ಪೀಪಲ್ಸ್ ಪಾರ್ಟಿ ಕೂಡ ಅದರಲ್ಲಿತ್ತು. ನನಗೆ ಇದು ತುಂಬಾ ಮುಖ್ಯ ಅನ್ನಿಸುವುದು ಯಾಕೆಂದರೆ, ಸೋತವರ ಜೊತೆ ಗೆದ್ದವರೂ ಕೂತು ಮುಂದಿನ ಷರತ್ತನ್ನು ಬರೆದರು. ಡಿಸೆಂಬರ್‌ನಲ್ಲಿ ಎಡಿನ್‌ಬರೋದಲ್ಲಿ ಸೇರಿದ ಹನ್ನೆರಡೂ ದೇಶಗಳ ನಾಯಕರು ಆ ಷರತ್ತುಗಳಿಗೆ ಹೂಂ ಅಂದರು. ಡೆನ್ಮಾರ್ಕ್‌ಗೆ ನಾಲ್ಕು ವಿನಾಯಿತಿ ಸಿಕ್ಕಿತು: ಒಂದೇ ನಾಣ್ಯಕ್ಕೆ ಸೇರಬೇಕಿಲ್ಲ, ಜಂಟಿ ರಕ್ಷಣೆಗೆ ಸೇರಬೇಕಿಲ್ಲ, ಪೊಲೀಸ್ ಮತ್ತು ನ್ಯಾಯದ ವಿಷಯದಲ್ಲಿ ಅಧಿಕಾರ ಬಿಟ್ಟುಕೊಡಬೇಕಿಲ್ಲ, ಒಕ್ಕೂಟದ ಪೌರತ್ವ ಡೆನ್ಮಾರ್ಕ್ ಪೌರತ್ವದ ಜಾಗಕ್ಕೆ ಬರುವುದಿಲ್ಲ. ಮೂಲ ಒಪ್ಪಂದದ ಒಂದು ಅಕ್ಷರವನ್ನೂ ಬದಲಿಸಲಿಲ್ಲ, ಹಾಗಾಗಿ ಉಳಿದ ದೇಶಗಳು ಮತ್ತೆ ಮೊದಲಿನಿಂದ ಶುರುಮಾಡಬೇಕಾಗಲಿಲ್ಲ.

1993ರ ಮೇ 18ರಂದು ಎರಡನೇ ಸಲ ಕೇಳಿದರು. ಶೇ. 56.7ರಷ್ಟು ಜನ ಒಪ್ಪಿದರು. ಎಲ್ಲರಿಗೂ ಇದು ಸಮಾಧಾನ ತರಲಿಲ್ಲ. ಆ ರಾತ್ರಿ ಕೋಪನ್‌ಹೇಗನ್‌ನ ನೊರೆಬ್ರೊ ಬಡಾವಣೆಯಲ್ಲಿ ದೊಡ್ಡ ಗಲಭೆ ಆಯಿತು, ಪೊಲೀಸರು ಗುಂಡು ಹಾರಿಸಿದರು, 11 ಜನರಿಗೆ ಗುಂಡು ತಗುಲಿತು. ಒಂದು ಸಲ ಬೇಡ ಅಂದಾಗಿದೆ, ಮತ್ತೆ ಯಾಕೆ ಕೇಳುತ್ತೀರಿ ಅನ್ನುವ ಸಿಟ್ಟು ಆಗಲೇ ಹುಟ್ಟಿತ್ತು.

ಆದರೂ ನಾನು ಡೆನ್ಮಾರ್ಕ್ ಹಾದಿಯನ್ನು ಸಮರ್ಥಿಸುತ್ತೇನೆ. ಕಾರಣ ಆಮೇಲೆ ನಡೆದದ್ದು. ಕೊಟ್ಟ ವಿನಾಯಿತಿಯನ್ನು ಯಾರೂ ಹಿಂದಿನ ಬಾಗಿಲಿನಿಂದ ಕಿತ್ತುಕೊಳ್ಳಲಿಲ್ಲ. ಯೂರೋ ನಾಣ್ಯಕ್ಕೆ ಸೇರೋಣವಾ ಅಂತ 2000ದ ಸೆಪ್ಟೆಂಬರ್‌ನಲ್ಲಿ ಜನರನ್ನೇ ಕೇಳಿದರು. ಶೇ. 53.2ರಷ್ಟು ಜನ ಬೇಡ ಅಂದರು. ಸೇರಲಿಲ್ಲ. ಅಲ್ಲಿ ಇವತ್ತಿಗೂ ಕ್ರೋನರ್ ನಡೆಯುತ್ತಿದೆ. ನ್ಯಾಯ ಮತ್ತು ಪೊಲೀಸ್ ವಿನಾಯಿತಿಯನ್ನು ಸಡಿಲ ಮಾಡೋಣವಾ ಅಂತ 2015ರಲ್ಲಿ ಕೇಳಿದರು, ಮತ್ತೆ ಬೇಡ. ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಮೇಲೆ 2022ರ ಜೂನ್ 1ರಂದು ರಕ್ಷಣೆಯ ವಿನಾಯಿತಿಯನ್ನು ತೆಗೆಯೋಣವಾ ಅಂತ ಕೇಳಿದರು. ಈ ಸಲ ಸುಮಾರು ಶೇ. 67ರಷ್ಟು ಜನ ಹೌದು ಅಂದರು, ತೆಗೆದರು. ಮೂವತ್ತು ವರ್ಷದಲ್ಲಿ ಕಾಲ ಬದಲಾಯಿತು, ಜನರ ಮನಸ್ಸು ಬದಲಾಯಿತು, ಬದಲಾದದ್ದು ಯಾವುದು ಬದಲಾಗದ್ದು ಯಾವುದು ಅಂತ ಅವರೇ ಹೇಳಿದರು. ಒಪ್ಪಿಗೆ ಅನ್ನುವುದು ಒಂದು ಸಲ ಸಹಿ ಹಾಕಿ ಮುಗಿಸುವ ಕೆಲಸ ಅಲ್ಲ ಅಂತ ಇಷ್ಟು ಚೆನ್ನಾಗಿ ತೋರಿಸಿದ ಇನ್ನೊಂದು ದೇಶ ನನಗೆ ಗೊತ್ತಿಲ್ಲ.

ಐರ್ಲೆಂಡ್‌ನ ಕಥೆ ಇದಕ್ಕೆ ಹತ್ತಿರದ್ದು. ಜನರನ್ನು ಕೇಳದೆ ಸಮುದಾಯದ ಹೊಸ ಒಪ್ಪಂದಕ್ಕೆ ಒಪ್ಪುವಂತಿಲ್ಲ ಅಂತ ರೇಮಂಡ್ ಕ್ರಾಟಿ ಅನ್ನುವ ಕೃಷಿ ಅರ್ಥಶಾಸ್ತ್ರಜ್ಞರು ಒಬ್ಬರೇ ಸರ್ಕಾರದ ಮೇಲೆ ಕೇಸು ಹಾಕಿದರು. 1987ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಆವತ್ತಿನಿಂದ ಒಕ್ಕೂಟದ ಪ್ರತಿ ದೊಡ್ಡ ಒಪ್ಪಂದಕ್ಕೂ ಐರ್ಲೆಂಡ್ ಜನರ ಮುಂದೆ ಹೋಗುತ್ತದೆ. 2001ರಲ್ಲಿ ನೀಸ್ ಒಪ್ಪಂದವನ್ನು ಶೇ. 53.9ರಷ್ಟು ಜನ ತಿರಸ್ಕರಿಸಿದರು, ಮತ ಹಾಕಿದ್ದು ಮಾತ್ರ ಶೇ. 35ರಷ್ಟು ಮಂದಿ. ಮುಂದಿನ ವರ್ಷ ಮತ್ತೆ ಕೇಳಿದಾಗ ಒಪ್ಪಿದರು. 2008ರಲ್ಲಿ ಲಿಸ್ಬನ್ ಒಪ್ಪಂದವನ್ನು ಶೇ. 53.4ರಷ್ಟು ಜನ ಬೇಡ ಅಂದರು. ತೆರಿಗೆ, ಗರ್ಭಪಾತದ ಕಾನೂನು, ಸೇನೆಯ ತಾಟಸ್ಥ್ಯ ಇವನ್ನು ಮುಟ್ಟುವುದಿಲ್ಲ ಅಂತ ಭರವಸೆ ಸಿಕ್ಕಿತು. ಪ್ರತಿ ದೇಶಕ್ಕೂ ಆಯೋಗದಲ್ಲಿ ಒಬ್ಬ ಸದಸ್ಯ ಉಳಿಯುತ್ತಾರೆ ಅನ್ನುವ ಮಾತೂ ಸಿಕ್ಕಿತು. 2009ರ ಅಕ್ಟೋಬರ್‌ನಲ್ಲಿ ಶೇ. 67ರಷ್ಟು ಜನ ಹೌದು ಅಂದರು. ಹೌದು ಅನ್ನುವವರೆಗೂ ಕೇಳುತ್ತಲೇ ಇರುತ್ತಾರೆ ಅಂತ ಟೀಕೆ ಮಾಡುವವರು ಇದನ್ನೇ ತೋರಿಸುತ್ತಾರೆ. ಆ ಟೀಕೆಯಲ್ಲಿ ಅರ್ಧ ಸತ್ಯ ಇದೆ. ಇನ್ನರ್ಧ ಸತ್ಯ ಏನೆಂದರೆ, ಎರಡನೇ ಸಲ ಮತ ಹಾಕಿದವರು ಜಾಸ್ತಿ, ಮತ್ತು ಬೇಡ ಅಂದಿದ್ದರಿಂದ ಅವರಿಗೆ ನಿಜವಾಗಿ ಏನೋ ಸಿಕ್ಕಿತ್ತು.

ಈ ಎರಡೂ ದೇಶಗಳ ಪಕ್ಕದಲ್ಲಿ 2005ರ ಫ್ರಾನ್ಸ್ ಮತ್ತು ನೆದರ್ಲೆಂಡ್ಸ್ ಅನ್ನು ಇಟ್ಟು ನೋಡಿ.

ಫ್ರಾನ್ಸ್‌ನ ಮಾಜಿ ಅಧ್ಯಕ್ಷ ಜಿಸ್ಕಾರ್ ದೆಸ್ತಾಂ ಅವರ ನೇತೃತ್ವದ ಸಮಾವೇಶವೊಂದು ಯುರೋಪಿಗೆ ಒಂದು ಸಂವಿಧಾನದ ಕರಡು ತಯಾರಿಸಿತ್ತು. ಬಾವುಟ, ರಾಷ್ಟ್ರಗೀತೆಯಂಥ ಗೀತೆ, ವಿದೇಶಾಂಗ ಮಂತ್ರಿ ಎಲ್ಲ ಅದರಲ್ಲಿದ್ದವು. ಕೋಸ್ತಾ ಪ್ರಕರಣದಲ್ಲಿ ನ್ಯಾಯಾಧೀಶರು ಹೇಳಿದ್ದ ಮಾತು, ಒಕ್ಕೂಟದ ಕಾನೂನೇ ಮೇಲು ಅನ್ನುವುದು, ನಲವತ್ತು ವರ್ಷದ ನಂತರ ಮೊದಲ ಸಲ ಒಪ್ಪಂದದ ಮುಖ್ಯ ಪಠ್ಯದಲ್ಲೇ ಬರೆದು ಬಂದಿತ್ತು. ಕೊನೆಗೂ ಬಚ್ಚಿಡದೆ ಜನರ ಮುಂದೆ ಇಟ್ಟರು. ನಾನು ಅದನ್ನು ಮೆಚ್ಚುತ್ತೇನೆ. ಸ್ಪೇನ್ ಜನ ಫೆಬ್ರವರಿಯಲ್ಲಿ ಭಾರೀ ಬಹುಮತದಿಂದ ಒಪ್ಪಿದರು. ಫ್ರಾನ್ಸ್‌ನಲ್ಲಿ ಮತದಾರರ ಮನೆಗಳಿಗೆ ಆ ಉದ್ದದ ಪಠ್ಯವನ್ನೇ ಅಂಚೆಯಲ್ಲಿ ಕಳಿಸಿದರು. ತಿಂಗಳುಗಟ್ಟಲೆ ಚರ್ಚೆ ನಡೆಯಿತು. ಕೆಲಸ ಸಿಗದ ಚಿಂತೆ, ಟರ್ಕಿ ಸೇರಬಹುದು ಅನ್ನುವ ಭಯ, ಕಡಿಮೆ ಕೂಲಿಗೆ ಬರುವ ಪೋಲೆಂಡಿನ ಪ್ಲಂಬರ್ ಬಗ್ಗೆ ಗುಲ್ಲು, ಅಧ್ಯಕ್ಷ ಶಿರಾಕ್ ಮೇಲಿನ ಸಿಟ್ಟು ಎಲ್ಲ ಸೇರಿಕೊಂಡವು. ಮೇ 29ರಂದು ಶೇ. 54.7ರಷ್ಟು ಜನ ಬೇಡ ಅಂದರು. ಮೂರೇ ದಿನಕ್ಕೆ, ಜೂನ್ 1ರಂದು, ನೆದರ್ಲೆಂಡ್ಸ್‌ನಲ್ಲಿ ಶೇ. 61.5ರಷ್ಟು ಜನ ಬೇಡ ಅಂದರು.

ಇವೆರಡೂ 1951ರಲ್ಲಿ ಶುರುಮಾಡಿದ ಆರು ದೇಶಗಳಲ್ಲಿ ಸೇರಿದವು. ಪುಟ್ಟ ಡೆನ್ಮಾರ್ಕ್‌ನಂತೆ ವಿನಾಯಿತಿ ಕೊಟ್ಟು ಬದಿಗೆ ಕೂರಿಸಲು ಆಗುತ್ತಿರಲಿಲ್ಲ. ಸಂವಿಧಾನ ಅನ್ನುವ ಹೆಸರು ಬಿಟ್ಟರು. ಬಾವುಟ, ಗೀತೆಯ ವಿಧಿ ತೆಗೆದರು. ವಿದೇಶಾಂಗ ಮಂತ್ರಿಗೆ ಉನ್ನತ ಪ್ರತಿನಿಧಿ ಅಂತ ಹೆಸರಿಟ್ಟರು. ಒಕ್ಕೂಟದ ಕಾನೂನೇ ಮೇಲು ಅನ್ನುವ ವಿಧಿಯನ್ನು ಮುಖ್ಯ ಪಠ್ಯದಿಂದ ತೆಗೆದು ಕೊನೆಯಲ್ಲಿ 17ನೇ ಘೋಷಣೆಯಾಗಿ ಸೇರಿಸಿದರು. ಸಂಸ್ಥೆಗಳ ಅಧಿಕಾರ, ಮತದಾನದ ಲೆಕ್ಕ ಇವುಗಳಲ್ಲಿ ಬಹುಪಾಲು ಹಾಗೆಯೇ ಉಳಿಯಿತು. ಇದು 2007ರ ಡಿಸೆಂಬರ್ 13ರಂದು ಸಹಿಯಾದ ಲಿಸ್ಬನ್ ಒಪ್ಪಂದ. ಫ್ರಾನ್ಸ್, ನೆದರ್ಲೆಂಡ್ಸ್ ಎರಡರಲ್ಲೂ ಸಂಸತ್ತುಗಳೇ ಒಪ್ಪಿಗೆ ಕೊಟ್ಟವು. ಜನರನ್ನು ಮತ್ತೆ ಕೇಳಲಿಲ್ಲ.

ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ನಿಕೊಲಾ ಸಾರ್ಕೊಜಿ 2007ರ ಚುನಾವಣೆಗೆ ಮೊದಲೇ, ಹೊಸ ಒಪ್ಪಂದವನ್ನು ಸಂಸತ್ತಿನಲ್ಲೇ ಪಾಸು ಮಾಡಿಸುತ್ತೇನೆ ಅಂತ ಬಹಿರಂಗವಾಗಿ ಹೇಳಿದ್ದರು, ಹೇಳಿಯೇ ಗೆದ್ದಿದ್ದರು. ಸಂಸತ್ತು ಕೂಡ ಜನ ಆರಿಸಿದ್ದೇ. ಜನಮತಗಣನೆಯಲ್ಲಿ ಜನ ಕೇಳಿದ ಪ್ರಶ್ನೆಗೇ ಉತ್ತರ ಕೊಡುತ್ತಾರೆ ಅನ್ನುವ ಖಾತ್ರಿಯೂ ಇಲ್ಲ, ಶಿರಾಕ್ ಮೇಲಿನ ಸಿಟ್ಟು ತೀರಿಸಿಕೊಂಡವರು ಎಷ್ಟೋ. ಇವೆಲ್ಲ ನಿಜ. ಆದರೆ ಒಂದು ವಿಷಯಕ್ಕೆ ನೇರವಾಗಿ ಜನರನ್ನೇ ಕೇಳಿ, ಅವರು ಕೊಟ್ಟ ಉತ್ತರವನ್ನು ಬೇರೆ ಹೆಸರಿನ ಕಾಗದದಿಂದ ದಾಟಿಹೋದರೆ, ಮುಂದಿನ ಸಲ ಅವರು ಯಾರ ಮಾತನ್ನು ನಂಬಬೇಕು? ಡೆನ್ಮಾರ್ಕ್, ಐರ್ಲೆಂಡ್ ಜನರಿಗೆ ಸಿಕ್ಕಿದ್ದು ಷರತ್ತು ಮತ್ತು ಎರಡನೇ ಪ್ರಶ್ನೆ. ಫ್ರಾನ್ಸ್, ನೆದರ್ಲೆಂಡ್ಸ್ ಜನರಿಗೆ ಎರಡೂ ಸಿಗಲಿಲ್ಲ. ಬ್ರಿಟನ್‌ನಲ್ಲೂ ಲೇಬರ್ ಪಕ್ಷ 2005ರ ಪ್ರಣಾಳಿಕೆಯಲ್ಲಿ ಈ ಸಂವಿಧಾನಕ್ಕೆ ಜನಮತಗಣನೆ ಮಾಡುತ್ತೇವೆ ಅಂದಿತ್ತು, ಲಿಸ್ಬನ್ ಬಂದಾಗ ಮಾಡಲಿಲ್ಲ. ಅಲ್ಲಿ ಒಕ್ಕೂಟವನ್ನು ವಿರೋಧಿಸುವವರು ಇದನ್ನು ಮುಂದಿನ ವರ್ಷಗಳಲ್ಲಿ ಒಂದು ದಿನವೂ ಮರೆಯಲು ಬಿಡಲಿಲ್ಲ.

ಹಾಗಾದರೆ ಒಂದು ದೇಶದ ಜನ ಬೇಡ ಅಂದರೆ ಅದೇ ಕೊನೆಯ ಮಾತಾಗಬೇಕಾ? ಇಲ್ಲಿ ಗ್ರೀಸ್ ನೆನಪಾಗುತ್ತದೆ. 2015ರ ಜೂನ್ ಕೊನೆಗೆ ಅಲ್ಲಿ ಬ್ಯಾಂಕುಗಳು ಮುಚ್ಚಿದ್ದವು, ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ ಸಿಗುತ್ತಿತ್ತು. ಸಾಲದಲ್ಲಿ ಮುಳುಗಿದ್ದ ದೇಶಕ್ಕೆ ಸಾಲ ಕೊಟ್ಟವರು ಇಟ್ಟ ಕಠಿಣ ಷರತ್ತನ್ನು ಒಪ್ಪಬೇಕಾ ಅಂತ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಜುಲೈ 5ರಂದು ಜನರನ್ನು ಕೇಳಿದರು. ಶೇ. 61ರಷ್ಟು ಜನ ಬೇಡ ಅಂದರು. ಜುಲೈ 13ರ ಬೆಳಿಗ್ಗೆ ಅದೇ ಸಿಪ್ರಾಸ್ ಅಷ್ಟೇ ಕಠಿಣವಾದ ಷರತ್ತುಗಳಿಗೆ ಒಪ್ಪಿಕೊಂಡು ಬಂದರು. ಗ್ರೀಸ್‌ನವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಕೊಡಬೇಕಿದ್ದ ಹಣ ಆಗ ಯೂರೋ ಬಳಸುತ್ತಿದ್ದ ಉಳಿದ 18 ದೇಶಗಳದ್ದು. ಜರ್ಮನಿಯ ಸಂಸತ್ತು ಕೂಡ ಇದರ ಮೇಲೆ ಮತ ಹಾಕಬೇಕಿತ್ತು. ಅಲ್ಲಿನ ತೆರಿಗೆದಾರರೂ ಮತದಾರರೇ. ಹತ್ತೊಂಬತ್ತು ಪ್ರಜಾಪ್ರಭುತ್ವಗಳು ಒಂದೇ ನಾಣ್ಯ ಹಂಚಿಕೊಂಡಾಗ ಒಂದರ ಬೇಡಕ್ಕೆ ಇನ್ನೊಂದರ ಬೇಡ ಎದುರು ನಿಲ್ಲುತ್ತದೆ, ಎರಡಕ್ಕೂ ಜನರ ಬೆಂಬಲ ಇರುತ್ತದೆ, ಮತ್ತು ಎರಡರಲ್ಲಿ ಯಾವುದು ಗೆಲ್ಲುತ್ತದೆ ಅನ್ನುವುದು ಯಾರ ಹತ್ತಿರ ಹಣ ಇದೆ ಅನ್ನುವುದರ ಮೇಲೆ ನಿಂತುಬಿಡುತ್ತದೆ. ಯೂರೋ ಕಟ್ಟಿದವರು ಈ ಪ್ರಶ್ನೆಗೆ ಮೊದಲೇ ಉತ್ತರ ಹುಡುಕಬೇಕಿತ್ತು, ಹುಡುಕಲಿಲ್ಲ.

ಜನ ಅಂದರೆ ಯಾರು ಅನ್ನುವುದೂ ಸುಲಭದ ಪ್ರಶ್ನೆ ಏನಲ್ಲ. 2016ರ ಜೂನ್ 23ರಂದು ಬ್ರಿಟನ್ ಒಕ್ಕೂಟ ಬಿಡಬೇಕಾ ಅಂತ ಮತ ಹಾಕಿದಾಗ ಅಲ್ಲಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಮತದ ಹಕ್ಕಿತ್ತು. ಅಂದರೆ ಲಂಡನ್ನಿನಲ್ಲಿ ಕೆಲಸಕ್ಕಿದ್ದ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದ ಕನ್ನಡಿಗರು ಹೆಸರು ನೋಂದಾಯಿಸಿದ್ದರೆ ಮತ ಹಾಕಬಹುದಿತ್ತು. ಅದೇ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದು ತೆರಿಗೆ ಕಟ್ಟುತ್ತಿದ್ದ ಫ್ರಾನ್ಸ್ ಅಥವಾ ಪೋಲೆಂಡಿನ ಪ್ರಜೆಗೆ ಆ ಹಕ್ಕು ಇರಲಿಲ್ಲ. ಆ ಮತದಿಂದ ಬದುಕು ಬದಲಾಗುವುದು ಮಾತ್ರ ಅವರದ್ದೇ. ಶೇ. 51.9ರಷ್ಟು ಮತ ಬಿಡೋಣ ಅನ್ನುವುದಕ್ಕೆ ಬಿತ್ತು. ಸ್ಕಾಟ್ಲೆಂಡ್‌ನಲ್ಲಿ ಶೇ. 62ರಷ್ಟು ಜನ ಉಳಿಯೋಣ ಅಂದಿದ್ದರು, ಆದರೂ ಅವರೂ ಹೊರಗೆ ಬಂದರು. ಸ್ಕಾಟ್ಲೆಂಡ್‌ನವರ ಒಪ್ಪಿಗೆ ಎಲ್ಲಿ ಅಂತ ಕೇಳಿದರೆ ಲಂಡನ್ ಕೊಟ್ಟ ಉತ್ತರ, ಕೊನೆಯ ಮಾತು ಇಡೀ ದೇಶದ್ದು ಅಂತ. ಬ್ರಸೆಲ್ಸ್ ತಮ್ಮ ಮಾತು ಕೇಳುವುದಿಲ್ಲ ಅಂತ ಹೊರಬಂದ ದೇಶದೊಳಗೇ ಅದೇ ದೂರು ಇದೆ.

ಬ್ರೆಕ್ಸಿಟ್ ಒಂದು ವಿಷಯವನ್ನಂತೂ ಸಾಬೀತು ಮಾಡಿತು. ಲಿಸ್ಬನ್ ಒಪ್ಪಂದದ ಮೂಲಕ ಬಂದ 50ನೇ ವಿಧಿ ಹೊರಹೋಗುವ ದಾರಿಯನ್ನು ಬರೆದಿಟ್ಟಿದೆ, ಆ ದಾರಿಯಲ್ಲಿ 2020ರ ಜನವರಿ 31ರಂದು ಒಂದು ದೊಡ್ಡ ದೇಶ ನಿಜವಾಗಿ ಹೊರಗೆ ನಡೆಯಿತು, ಯಾರೂ ಸೇನೆ ಕಳಿಸಲಿಲ್ಲ. ಬಿಟ್ಟುಹೋಗುವ ಹಕ್ಕು ಇರುವವರೆಗೆ ಸಾರ್ವಭೌಮತ್ವ ಸತ್ತಿಲ್ಲ. ಹೊರಗೆ ಇದ್ದರೆ ಪೂರ್ತಿ ಸ್ವತಂತ್ರ ಅನ್ನುವುದು ಮಾತ್ರ ನಿಜವಲ್ಲ. ನಾರ್ವೆ ಜನ 1972ರಲ್ಲಿ, 1994ರಲ್ಲಿ ಎರಡು ಸಲ ಬೇಡ ಅಂದರು. ಯಾರೂ ಬಲವಂತ ಮಾಡಲಿಲ್ಲ. ಆದರೆ ಒಕ್ಕೂಟದ ಮಾರುಕಟ್ಟೆ ಬೇಕಿದ್ದರಿಂದ ಐರೋಪ್ಯ ಆರ್ಥಿಕ ವಲಯದ ಮೂಲಕ ಅದರ ಬಹಳಷ್ಟು ನಿಯಮಗಳನ್ನು ನಾರ್ವೆ ಪಾಲಿಸುತ್ತದೆ, ಹಣವನ್ನೂ ಕೊಡುತ್ತದೆ. ಆ ನಿಯಮ ಮಾಡುವ ಮೇಜಿನಲ್ಲಿ ಅದಕ್ಕೆ ಮತ ಇಲ್ಲ.

ಇನ್ನು ಜರ್ಮನಿ. ಅಲ್ಲಿ ರಾಷ್ಟ್ರಮಟ್ಟದಲ್ಲಿ ಇಂಥ ಜನಮತಗಣನೆಯ ರೂಢಿ ಇಲ್ಲ. ಆ ಕೆಲಸವನ್ನು ಕಾರ್ಲ್ಸ್‌ರೂಹದಲ್ಲಿರುವ ಸಾಂವಿಧಾನಿಕ ನ್ಯಾಯಾಲಯ ಮಾಡುತ್ತಿದೆ. ಲಿಸ್ಬನ್ ಒಪ್ಪಂದ ಸಂವಿಧಾನಕ್ಕೆ ಸರಿಹೊಂದುತ್ತದೆ ಅಂತ 2009ರ ಜೂನ್ 30ರಂದು ಅದು ಹೇಳಿತು, ಆದರೆ ಜರ್ಮನಿಯ ಸಂಸತ್ತಿಗೆ ಒಕ್ಕೂಟದ ವಿಷಯಗಳಲ್ಲಿ ಇನ್ನೂ ಜಾಸ್ತಿ ಅಧಿಕಾರ ಕೊಡುವ ಕಾನೂನು ಮಾಡುವವರೆಗೆ ಅಂಗೀಕಾರ ಪೂರ್ತಿ ಮಾಡಬೇಡಿ ಅಂತ ತಡೆಯಿತು. ಅದರ ಒಂದು ಕಾರಣ ಯೋಚಿಸುವಂಥದ್ದು. ಐರೋಪ್ಯ ಸಂಸತ್ತಿನಲ್ಲಿ ಮತಗಳಿಗೆ ಸಮಾನ ತೂಕ ಇಲ್ಲ. ಈಗ ಜರ್ಮನಿಗೆ 96 ಸ್ಥಾನ, ಮಾಲ್ಟಾಗೆ 6. ಜನಸಂಖ್ಯೆಗೆ ಹೋಲಿಸಿದರೆ ಮಾಲ್ಟಾದ ಒಬ್ಬ ಮತದಾರನ ತೂಕ ಜರ್ಮನಿಯವನಿಗಿಂತ ಹಲವು ಪಟ್ಟು ಹೆಚ್ಚು. ಸಣ್ಣ ದೇಶ ಮುಳುಗಬಾರದು ಅಂತ ಹೀಗೆ ಮಾಡಿದ್ದಾರೆ, ಅದಕ್ಕೆ ಅರ್ಥವಿದೆ, ಆದರೆ ಆಗ ಆ ಸಂಸತ್ತು ರಾಷ್ಟ್ರೀಯ ಸಂಸತ್ತುಗಳ ಜಾಗಕ್ಕೆ ಬರಲು ಸಾಧ್ಯವಿಲ್ಲ.

ಸಾರ್ವಭೌಮತ್ವದ ಮಾತನ್ನು ಎಲ್ಲರೂ ಒಳ್ಳೆಯ ಉದ್ದೇಶದಿಂದ ಆಡುವುದಿಲ್ಲ ಅನ್ನುವುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಪೋಲೆಂಡಿನ ಸಾಂವಿಧಾನಿಕ ನ್ಯಾಯಮಂಡಳಿ 2021ರ ಅಕ್ಟೋಬರ್‌ನಲ್ಲಿ ಒಕ್ಕೂಟದ ಕಾನೂನಿಗೆ ಸೆಡ್ಡು ಹೊಡೆಯಿತು. ಆದರೆ ಆ ಹೊತ್ತಿಗೆ ಅಲ್ಲಿನ ಸರ್ಕಾರ ನ್ಯಾಯಾಧೀಶರ ಸ್ವಾತಂತ್ರ್ಯವನ್ನೇ ಕುಗ್ಗಿಸಿತ್ತು, ಲಕ್ಸೆಂಬರ್ಗ್ ನ್ಯಾಯಾಲಯ ಅದನ್ನೇ ಪ್ರಶ್ನಿಸುತ್ತಿತ್ತು. ದೇಶದ ಕೊನೆಯ ಮಾತು ಅಂದರೆ ಅಧಿಕಾರದಲ್ಲಿರುವ ಪಕ್ಷದ ಕೊನೆಯ ಮಾತು ಅಂತ ನಾನು ಒಪ್ಪುವುದಿಲ್ಲ.

ಈಗಿನ ಚರ್ಚೆ ವೀಟೋ ಸುತ್ತ ನಡೆಯುತ್ತಿದೆ. ವಿದೇಶಾಂಗ ನೀತಿಯಲ್ಲಿ ಎಲ್ಲರ ಒಪ್ಪಿಗೆ ಬೇಕು ಅನ್ನುವುದನ್ನು ಬಿಟ್ಟು ಬಹುಮತಕ್ಕೆ ಹೋಗೋಣ ಅಂತ ಜರ್ಮನಿಯಂಥ ದೇಶಗಳು ಹೇಳುತ್ತಿವೆ. 2023ರ ಡಿಸೆಂಬರ್‌ನಲ್ಲಿ ಉಕ್ರೇನ್ ಜೊತೆ ಸೇರ್ಪಡೆಯ ಮಾತುಕತೆ ಶುರುಮಾಡುವ ನಿರ್ಧಾರ ಆಗುವಾಗ ಹಂಗೆರಿಯ ಪ್ರಧಾನಿ ವಿಕ್ಟರ್ ಓರ್ಬನ್ ಕೋಣೆಯಿಂದ ಹೊರಗೆ ಹೋಗಿ ನಿಂತರು, ಉಳಿದ 26 ನಾಯಕರು ಆ ಹೊತ್ತಿನಲ್ಲಿ ತೀರ್ಮಾನ ಮಾಡಿದರು. 45 ಕೋಟಿ ಜನರ ಒಕ್ಕೂಟ ಹೀಗೆ ನಡೆಯಬಾರದು ಅನ್ನುವುದು ಸರಿ. ಆದರೆ ವೀಟೋ ತೆಗೆಯುವುದಕ್ಕೂ ಎಲ್ಲರ ಒಪ್ಪಿಗೆ ಬೇಕು, ಸಣ್ಣ ದೇಶಗಳು ಅದನ್ನು ಸುಮ್ನೆ ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಡುವುದಾದರೆ ಡೆನ್ಮಾರ್ಕ್‌ಗೆ ಕೊಟ್ಟಂತೆ ಕೆಲವು ವಿಷಯಗಳಲ್ಲಿ ಹೊರಗೆ ಉಳಿಯುವ ಹಕ್ಕನ್ನೂ ಜೊತೆಗೇ ಬರೆದುಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಉಕ್ರೇನ್ ಸೇರುವ ದಿನ ಬಂದರೆ ಫ್ರಾನ್ಸ್ ಮತ್ತೆ ಮುಂದೆ ಬರುತ್ತದೆ. ಹೊಸ ದೇಶ ಒಕ್ಕೂಟಕ್ಕೆ ಸೇರಬೇಕಾದರೆ ಜನಮತಗಣನೆ ಮಾಡಬೇಕು ಅಂತ ಫ್ರಾನ್ಸ್ ಸಂವಿಧಾನದ 88-5ನೇ ವಿಧಿ ಹೇಳುತ್ತದೆ. 2005ರಲ್ಲೇ ಬರೆದದ್ದು ಅದು. ಸಂಸತ್ತಿನ ಎರಡೂ ಸದನಗಳು ಐದರಲ್ಲಿ ಮೂರು ಭಾಗದಷ್ಟು ಬಹುಮತದಿಂದ ಒಪ್ಪಿದರೆ ಜನರನ್ನು ಕೇಳದೆ ಸಂಸತ್ತಿನಲ್ಲೇ ಮುಗಿಸಬಹುದು ಅಂತ 2008ರಲ್ಲಿ ಅದಕ್ಕೊಂದು ತಿದ್ದುಪಡಿ ಸೇರಿಸಿದ್ದಾರೆ. ಕೇಳುವ ದಾರಿ, ಕೇಳದೆ ಹೋಗುವ ದಾರಿ, ಎರಡೂ ಅದೇ ಒಂದು ವಿಧಿಯಲ್ಲಿವೆ. ಆಗ ಫ್ರಾನ್ಸ್ ಯಾವುದನ್ನು ಆರಿಸಿಕೊಳ್ಳುತ್ತದೆ ಅನ್ನುವುದರ ಮೇಲೆ ಉಕ್ರೇನ್‌ನ ಸುಮಾರು ನಾಲ್ಕು ಕೋಟಿ ಜನರ ಭವಿಷ್ಯವೂ ನಿಂತಿರುತ್ತದೆ.